ದವಾ ಬಿಡು, ದುವಾ ತೊಗೋ

ಪರದೆಯ ಮೇಲೆ ಜಟೆ ಬಿಟ್ಟ ಸಾಧು ಕೈ ಎತ್ತಿದ ಕೂಡಲೇ ಪಕ್ಕದಲ್ಲಿದ್ದ ನಮ್ಮ ಅಕ್ಕ ಚಪ್ಪಲಿ ಕಳಚಿಟ್ಟು ಕೈ ಮುಗಿದಳು.

ನಿಜಾಮರ ಕಾಲ. ಲಿಂಗಸುಗೂರಿನ ಸಂತೆ ಬಯಲಿನಲ್ಲಿ ಡೇರೆ ಹಾಕಿ ಹಿಂದಿ ಸಿನಿಮಾ ತೋರಿಸುತ್ತಿದ್ದರು. ಜೇಬುಗಳ್ಳನೊಬ್ಬ ಸಾಧುವಿನ ವೇಷ ಹಾಕಿ ಭಕ್ತರ ಲಾಡು ತಿಂದು ಕೊಬ್ಬುವ ತಮಾಷೆಯ ಕಥೆ. ‘ಸಾಧು ಮಹಾರಾಜರ ಸಿನಿಮಾ’ ಎಂಬ ಡಂಗುರ ಕೇಳಿದ ಅಕ್ಕ, ಜ್ವರದಿಂದ ಮಲಗಿದ್ದ ಮೂರು ವರ್ಷದ ಮಗಳಿಗಾಗಿ ದರ್ಶನಕ್ಕೆಂದೇ ಬಂದಿದ್ದಳು. ಉರ್ದು ಶಾಲೆಯ ಮಾಸ್ತರನಾದ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಕಥೆಯಲ್ಲಿ ಒಬ್ಬ ತಾಯಿ ಕಾಯಿಲೆಯ ಕೂಸನ್ನು ಕಳ್ಳನ ಪಾದದ ಬಳಿ ಮಲಗಿಸಿದಳು. “ದವಾ ಛೋಡೋ, ದುವಾ ಲೋ, ಲಡ್ಡು ಹಮ್ ಕೋ ದೋ” ಎಂದನವನು. ಅಕ್ಕನಿಗೆ ಹಿಂದಿ ಬಾರದು. ಆದರೆ ಔಷಧಕ್ಕೆ ದವಾ, ಆಶೀರ್ವಾದಕ್ಕೆ ದುವಾ ಎಂದು ನಮ್ಮ ಮನೆಯಲ್ಲೂ ಅನ್ನುತ್ತಿದ್ದೆವು.

“ತಮ್ಮಾ, ದವಾ ಬಿಡು ಅಂದಾನಲ್ಲ? ಖರೇನ?”

“ಹೌದಬೇ, ಹಂಗ ಅಂದಾನ” ಎಂದೆ ನಗುತ್ತಲೇ. ಅವನು ಕಳ್ಳ ಎಂದು ಹೇಳಲಿಲ್ಲ. ಅಷ್ಟೂ ಅವಳಿಗೆ ತಿಳಿಯುವುದಿಲ್ಲವೇ ಎಂದುಕೊಂಡಿದ್ದೆ.

ಐದನೆಯ ದಿನ ಮಗುವನ್ನು ಮಣ್ಣು ಮಾಡಿ ಬಂದೆವು. ಔಷಧ ಮಣ್ಣಿಗೆ ಚೆಲ್ಲಿ ಎಸೆದ ದವಾಖಾನೆಯ ಶೀಶೆ ಹಿತ್ತಲಲ್ಲಿ ಬಿದ್ದಿತ್ತು. ದೇವರ ಜಗಲಿಯ ಮೇಲೆ ತಟ್ಟೆ ತುಂಬ ಲಾಡು, ಇರುವೆ ಮುತ್ತಿದ್ದವು. ದವಾ ಬಿಡು, ದುವಾ ತೊಗೋ, ಲಾಡು ನಮಗ ಕೊಡು: ಆ ಮೂರು ಮಾತನ್ನೂ ಅಕ್ಕ ಸರಿಯಾಗಿಯೇ ಕೇಳಿಸಿಕೊಂಡಿದ್ದಳು.

“ನಾ ಲಾಡಿಗೆ ತುಪ್ಪ ಕಡಿಮಿ ಹಾಕಿದ್ನೋ ತಮ್ಮಾ” ಎಂದು ಸಾಯುವತನಕ ಹಲುಬಿದಳು. ಆಗಲೂ ನಾನು ಹೇಳಲಿಲ್ಲ.