ಕಿಟಕಿಯ ಕೊತ್ತಂಬರಿ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವಳನ್ನು ಎಲ್ಲರೂ ಮೂಗಿನಕ್ಕ ಎಂದೇ ಕರೆಯುತ್ತಿದ್ದರು. ಮುಚ್ಚಳ ತೆಗೆಯದೆಯೇ ಬೇಳೆ ಬೆಂದಿದೆಯೋ, ತಳ ಹಿಡಿಯುತ್ತಿದೆಯೋ ಹೇಳಿಬಿಡುತ್ತಿದ್ದಳು. ಅಂಥವಳಿಗೆ ಒಂದು ಜ್ವರ ಬಂತು. ಜ್ವರ ಬಿಟ್ಟಿತು, ಹೋದ ವಾಸನೆ ಮಾತ್ರ ಮರಳಲಿಲ್ಲ. ಯಾರಿಗೂ ಹೇಳದೆ ಕೆಲಸಕ್ಕೆ ಹೋದಳು. ಅವಳು ಒಲೆಯ ಮುಂದೆ ನಿಂತಿದ್ದ ಹಾಗೆಯೇ ಒಂದು ಹಂಡೆ ಬೇಳೆ ಸೀದು ಕರಕಲಾಯಿತು. ಊಟದ ಸಾಲಿನಲ್ಲಿದ್ದವರಿಗೆಲ್ಲ ಗೊತ್ತಾಯಿತು, ಅವಳೊಬ್ಬಳನ್ನು ಬಿಟ್ಟು.

“ಬೇಜಾರು ಮಾಡ್ಕೋಬೇಡಿ ಅಕ್ಕ,” ಎಂದ ಮ್ಯಾನೇಜರ್. “ವಾಸನೆ ತಿಳಿಯೋಕೆ ಶುರುವಾದ ದಿನ ಒಲೆ ನಿಮ್ಮದೇ. ಅಲ್ಲೀವರೆಗೆ ತರಕಾರಿ ಹೆಚ್ಚಿ.”

ಪಾಪ, ಒಳ್ಳೆಯ ಮಾತನ್ನೇ ಆಡಿದ. ಅದಕ್ಕೇ ಅವಳಿಗೆ ತಿರುಗಿ ರೇಗಲೂ ಆಗಲಿಲ್ಲ. ಒಲೆ ಬಿಟ್ಟರೆ ತಾನು ಯಾರು ಎಂದು ಅವಳಿಗೆ ಗೊತ್ತಿರಲಿಲ್ಲ.

ಘಾಟಿರುವ ಎಲೆಗಳನ್ನು ದಿನಾ ಮೂಸಿ, ಬಂದರೂ ಬರಬಹುದು ಎಂದರು ಡಾಕ್ಟರು. ಸರಿ, ಕಿಟಕಿಯಲ್ಲಿ ಹಳೇ ಬಣ್ಣದ ಡಬ್ಬಗಳು ಸಾಲಾಗಿ ಕೂತವು. ಇಡೀ ಕಾಳು ಮೊಳೆಯಲು ಸತಾಯಿಸುತ್ತದೆಂದು ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಲ್ಲಿ ಉಜ್ಜಿ, ಹೋಳು ಮಾಡಿ ಬಿತ್ತಿದಳು. ಪಕ್ಕದ ಡಬ್ಬದಲ್ಲಿ ಒಣಗಿದ ಚೆಂಡು ಹೂವೊಂದನ್ನು ಹರಿದು ಉದುರಿಸಿದಳು. ಅದು ಬೇಡವೆಂದರೂ ಹುಟ್ಟುವ ಜಾತಿ. ಎರಡೂ ಸೊಂಪಾಗಿ ಬಂದವು. ಬೆಳಗೆದ್ದು ಎಲೆ ಚಿವುಟಿ ಮೂಸುವುದು, ಸುಮ್ಮನೆ ಕೈಬಿಡುವುದು. ಹಸಿ ಕಾಗದಕ್ಕಾದರೂ ಒಂದು ವಾಸನೆ ಇರುತ್ತದೆ, ಇದಕ್ಕೆ ಅದೂ ಇಲ್ಲ.

ಬಸ್ ಕಂಡಕ್ಟರ್ ಗಂಡ ಮೊದಮೊದಲು ರೇಗಿಸುತ್ತಿದ್ದ: “ಏನೇ, ಗಿಡದ ಹತ್ರ ನನ್ನ ಮೇಲೆ ಚಾಡಿ ಹೇಳ್ತಿದ್ದೀಯಾ?” ಅವಳು ತುತ್ತು ಬಾಯಿಗಿಟ್ಟು ಮಣ್ಣು ತಿಂದವಳ ಹಾಗೆ ನುಂಗುವುದನ್ನು ನೋಡಿ ನೋಡಿ ರೇಗಿಸುವುದನ್ನೇ ಬಿಟ್ಟ.

ಒಂದು ರಜೆಯ ದಿನ ಅವನೇ ಅವಳನ್ನು ಕಿಟಕಿಯ ಬಳಿ ಕೂರಿಸಿದ.

“ಕಣ್ಣು ಮುಚ್ಕೋ. ಇದು ಯಾವ ಎಲೆ ಹೇಳು.”

ಬೆರಳಲ್ಲಿ ಎಲೆ ಹೊಸಕಿ ಮೂಗಿನ ಕೆಳಗೆ ಹಿಡಿದ. ಅವಳು ಎದೆ ತುಂಬ ಉಸಿರೆಳೆದಳು. ಏನೂ ಇಲ್ಲ. ಅವನು ಉಸಿರು ಬಿಗಿಹಿಡಿದು ಕಾಯುತ್ತಿದ್ದಾನೆಂದು ಮಾತ್ರ ಗೊತ್ತಾಗುತ್ತಿತ್ತು. ಅವನ ಸಂಕಟ ತಾಳಲಾರದೆ ಹೇಳಿಬಿಟ್ಟಳು: “ಕೊತ್ತಂಬರಿ.”

ಅವನು ಮೂಗಿನ ಕೆಳಗಿನಿಂದ ಕೈ ಹಿಂದಕ್ಕೆಳೆದುಕೊಂಡ.

“ಹೂಂ ಕಣೇ, ಕೊತ್ತಂಬರಿನೇ,” ಎಂದ ಆಮೇಲೆ. “ನೋಡ್ದಾ, ಬಂದೇಬಿಡ್ತು. ನಾಳೆ ಹೋಗಿ ಒಲೆ ಕೇಳು.”

ಕಣ್ಣು ಬಿಟ್ಟಾಗ ಅವನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ಕಿಟಕಿಯ ಕಟ್ಟೆಯ ಮೇಲೆ ಚೆಂಡು ಹೂವಿನ ಗಿಡದ ಎಲೆಯ ಚೂರೊಂದು ಬಿದ್ದಿತ್ತು.

“ಕೇಳ್ತೀನಿ,” ಎಂದಳು.

ಮರುದಿನ ಕೊತ್ತಂಬರಿಯನ್ನೆಲ್ಲ ಬೇರುಸಹಿತ ಕಿತ್ತು ಕ್ಯಾಂಟೀನಿಗೆ ಒಯ್ದಳು. ಮೂಲೆಯಲ್ಲಿ ಕೂತು ಹೆಚ್ಚತೊಡಗಿದಾಗ ಒಲೆಯ ಬಳಿಯಿದ್ದ ಹೊಸ ಅಡುಗೆಯವನು ತಿರುಗಿ ನೋಡಿದ.

“ಎಲ್ಲೀದಕ್ಕ ಇದು? ಇಲ್ಲೀತನಕ ಘಮ್ ಅಂತಿದೆ.”

“ನಮ್ಮನೇದೇ,” ಎಂದು ತಲೆಯೆತ್ತದೆ ಹೆಚ್ಚುತ್ತಲೇ ಇದ್ದಳು. ಒಲೆಯ ಮಾತನ್ನು ಅವಳು ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.