ಗೆರೆಯಾಚೆ ನಿಂತ ಮಗಳು

ನಿವೃತ್ತಿಗೆ ಇನ್ನೂ ಆರು ವರ್ಷ ಉಳಿದಿದ್ದ ಕಾಲ. ದಕ್ಷಿಣ ಲಂಡನ್ನಿನ ಕ್ರೋಯ್ಡನ್ ಬಳಿಯ ಒಂದು ಸರಕಾರಿ ಆಸ್ಪತ್ರೆಯಲ್ಲಿ ನಾನು ನ್ಯೂರಾಲಜಿ ಕನ್ಸಲ್ಟೆಂಟ್ ಆಗಿದ್ದೆ. ಅಲ್ಲಿನ ಮೆಮರಿ ಕ್ಲಿನಿಕ್, ಅಂದರೆ ಮರೆವಿನ ಕಾಯಿಲೆಯವರನ್ನು ನೋಡುವ ವಿಭಾಗ, ನನ್ನ ಹೊಣೆಯಾಗಿತ್ತು. ಮನೆ ಎಜ್‌ವೇರ್‌ನಲ್ಲಿ. ನೆಲದಡಿಯ ಟ್ಯೂಬ್ ರೈಲು ಹತ್ತಿ, ಲಂಡನ್ ಬ್ರಿಜ್‌ನಲ್ಲಿ ಟ್ರೈನ್ ಬದಲಿಸಿ, ಊರಿನ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲೇ ಅರ್ಧ ದಣಿದಿರುತ್ತಿದ್ದೆ. ಹುಬ್ಬಳ್ಳಿಯಲ್ಲಿ ಡಾಕ್ಟರಿ ಓದಿ ಬಂದ ನನಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟದ ಗಂಧವಿರಲಿಲ್ಲ.

ಹಾಗಾಗಿ ರಸ್ ಟಾರ್ವಿಲ್ ಎಂಬ ಹೆಸರು ನೋಡಿದಾಗ ನನಗೇನೂ ಅನ್ನಿಸಲಿಲ್ಲ. (ಅವರ ಹೆಂಡತಿಯ ಒಪ್ಪಿಗೆ ಪಡೆದು, ಎಲ್ಲರ ಹೆಸರನ್ನೂ ಬದಲಿಸಿ ಬರೆಯುತ್ತಿದ್ದೇನೆ.) ವಯಸ್ಸು ಐವತ್ತೆಂಟು. ಮಾಜಿ ಫುಟ್‌ಬಾಲ್ ಆಟಗಾರ. ಮರೆವು, ಇದ್ದಕ್ಕಿದ್ದಂತೆ ಸಿಟ್ಟು. ಅವರ ಜಿಪಿ, ಅಂದರೆ ಬಡಾವಣೆಯ ಡಾಕ್ಟರ್, ಇಷ್ಟನ್ನೇ ತಿಳಿಸಿದ್ದರು. ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಬಂದ ಮನುಷ್ಯನ ಮೂಗು ಎರಡು ಕಡೆ ಸೊಟ್ಟಗಿತ್ತು. ಕಿರುಬೆರಳು ಹೊರಕ್ಕೆ ಚಾಚಿಕೊಂಡಿತ್ತು. ಜೊತೆಗೆ ಹೆಂಡತಿ ಮೆಗ್, ಕ್ರೋಯ್ಡನ್ನಿನವರೇ, ಪ್ರೈಮರಿ ಶಾಲೆಯ ಟೀಚರ್.

"ಯಾವ ಟೀಮಿಗೆ ಆಡುತ್ತಿದ್ದಿರಿ? ಲಂಡನ್ನಿನದೇ?" ಎಂದು ಕೇಳಿದೆ.

ರಸ್ ದೊಡ್ಡದಾಗಿ ನಕ್ಕರು. "ನಿಮ್ಮ ಫುಟ್‌ಬಾಲ್ ಅಲ್ಲ ಡಾಕ್. ನಮ್ಮದು. ಆಸ್ಟ್ರೇಲಿಯದ್ದು."

"ಅಲ್ಲಿ ಇವನು ರಸ್ತೇಲಿ ನಡೆದರೆ ಬಸ್ಸಿನವರು ಬ್ರೇಕ್ ಹಾಕಿ ಕೈ ಬೀಸ್ತಾರೆ," ಎಂದರು ಮೆಗ್. "ಇಲ್ಲಿ ನಮ್ಮ ಫ್ಲ್ಯಾಟಿನ ಲಿಫ್ಟಿನಲ್ಲೂ ಯಾರಿಗೂ ಗೊತ್ತಿಲ್ಲ. ಅದಕ್ಕೇ ಇಲ್ಲಿಗೆ ಬಂದಿದ್ದು."

ಗೋಧಿ ಬೆಳೆಯುವ ಸಣ್ಣ ಊರಿನ ಹುಡುಗ ರಸ್. ಹದಿನೇಳನೇ ವಯಸ್ಸಿಗೆ ಮೆಲ್ಬರ್ನಿನ ದೊಡ್ಡ ಕ್ಲಬ್ ಒಂದು ಅವರನ್ನು ಕರೆದುಕೊಂಡಿತ್ತು. ಇಪ್ಪತ್ಮೂರಕ್ಕೆ ಕ್ಯಾಪ್ಟನ್. ಆ ವರ್ಷದ ಅತ್ಯುತ್ತಮ ಆಟಗಾರನ ಪದಕ, ಎರಡು ಸಲ ಚಾಂಪಿಯನ್‌ಶಿಪ್. ಮೊಟ್ಟೆಯಾಕಾರದ ಚೆಂಡಿನ ಆ ಆಟದಲ್ಲಿ ಮೇಲಿಂದ ಬರುವ ಚೆಂಡನ್ನು ನೇರವಾಗಿ ಹಿಡಿಯುವುದಕ್ಕೆ 'ಮಾರ್ಕ್' ಎನ್ನುತ್ತಾರೆ. ಅದಕ್ಕಾಗಿ ಎದುರಾಳಿಯ ಭುಜ, ಬೆನ್ನಿನ ಮೇಲೆ ಮೊಣಕಾಲೂರಿ ಹಾರುವುದೂ ಉಂಟು. ರಸ್ ಎಲ್ಲರಿಗಿಂತ ಎತ್ತರಕ್ಕೆ ಹಾರುತ್ತಿದ್ದರು, ಎಲ್ಲರಿಗಿಂತ ಎತ್ತರದಿಂದ ಬೀಳುತ್ತಿದ್ದರು. ತಲೆಗೆ ಹೆಲ್ಮೆಟ್ ಇಲ್ಲ. ಎಚ್ಚರ ತಪ್ಪಿದರೆ ಮೂಗಿಗೆ ಘಾಟಿನ ಉಪ್ಪು ಹಿಡಿದು ಎಬ್ಬಿಸಿ ಮತ್ತೆ ಮೈದಾನಕ್ಕೆ ಕಳಿಸುತ್ತಿದ್ದ ಕಾಲ ಅದು.

ಅವರನ್ನು ದೇಶವೆಲ್ಲ ನೆನೆಯುವುದು ಒಂದು ಫೈನಲ್ಲಿನ ಕೊನೆಯ ಮಾರ್ಕ್‌ಗಾಗಿ. ಆ ಆಟದ ವಿಡಿಯೋವನ್ನು ನಾನು ಊಟದ ಬಿಡುವಿನಲ್ಲಿ ನೋಡಿದೆ. ಆ ಮಾರ್ಕ್‌ಗೆ ಸ್ವಲ್ಪ ಮೊದಲು ಒಬ್ಬನ ಮೊಣಕಾಲು ಅವರ ಕಿವಿಯ ಹಿಂದೆ ಬಡಿಯುತ್ತದೆ. ಬಿದ್ದವರು ಏಳುತ್ತಾರೆ, ತಮ್ಮ ಗೋಲಿನ ಕಡೆಗೇ ಓಡತೊಡಗುತ್ತಾರೆ. ಜೊತೆಯವನೊಬ್ಬ ಭುಜ ಹಿಡಿದು ತಿರುಗಿಸುತ್ತಾನೆ. ಕಾಮೆಂಟರಿಯವರು ನಗುತ್ತಾರೆ. ಆಮೇಲೆ ಆ ಹಾರಾಟ, ಆ ಗೆಲುವು. ನನಗೆ ಹಾರಾಟ ಕಣ್ಣಿಗೆ ಬೀಳಲೇ ಇಲ್ಲ. ದಿಕ್ಕು ತಪ್ಪಿ ಓಡಿದ ಆ ನಾಲ್ಕು ಹೆಜ್ಜೆಯನ್ನೇ ಮತ್ತೆ ಮತ್ತೆ ನೋಡಿದೆ. ಪೆಟ್ಟು ತಿಂದ ಮೆದುಳು ಬುರುಡೆಯೊಳಗೇ ಅಲುಗಿ ಸ್ವಲ್ಪ ಹೊತ್ತು ತನ್ನ ಕೆಲಸ ಮರೆಯುವ ಕನ್ಕಷನ್ ಅದು.

ಮುಂದಿನ ಸಲ ಬಂದಾಗ, "ಆ ಮಾರ್ಕ್ ನೋಡಿದೆ," ಎಂದೆ.

ರಸ್ ಬಾಗಿಲ ಕಡೆ ನೋಡಿದರು. ಮೆಗ್ ಹೊರಗೆ ನರ್ಸ್ ಜೊತೆ ಮಾತಾಡುತ್ತಿದ್ದರು. "ನಾನೂ ವಿಡಿಯೋದಲ್ಲೇ ನೋಡಿದ್ದು ಡಾಕ್," ಎಂದರು ತಗ್ಗಿದ ದನಿಯಲ್ಲಿ. "ಆವತ್ತು ಮಧ್ಯಾಹ್ನದಿಂದ ಮರುದಿನದವರೆಗೆ ನನಗೇನೂ ನೆನಪಿಲ್ಲ. ಎಲ್ಲರೂ ಅದರ ಬಗ್ಗೇನೇ ಕೇಳ್ತಾರೆ. ನಾನು ಏನೋ ಒಂದು ಕಟ್ಟಿ ಹೇಳ್ತೀನಿ. ವಿಡಿಯೋದಲ್ಲಿರೋ ಆ ಮನುಷ್ಯ ಚೆನ್ನಾಗೇ ಹಿಡಿದ ಬಿಡಿ."

ಸ್ಕ್ಯಾನ್, ಸ್ಮರಣೆಯ ಪರೀಕ್ಷೆಗಳು, ರಕ್ತ ತಪಾಸಣೆ ಎಲ್ಲ ಮುಗಿದವು. ನಾನು ಹೇಳಬೇಕಾಗಿದ್ದದ್ದು ಸಿಟಿಇ ಎಂಬ ಮೂರಕ್ಷರ. ವರ್ಷಗಟ್ಟಲೆ ಪೆಟ್ಟು ತಿಂದ ಮೆದುಳಿನಲ್ಲಿ ಒಂದು ಪ್ರೋಟೀನ್ ಗಂಟುಗಂಟಾಗಿ ಶೇಖರವಾಗಿ, ಮೆಲ್ಲಗೆ ನೆನಪನ್ನೂ ಸ್ವಭಾವವನ್ನೂ ತಿನ್ನುವ ಕಾಯಿಲೆ. ಬದುಕಿರುವಾಗ 'ಬಹುಶಃ' ಎಂದಷ್ಟೇ ಹೇಳಬಹುದು. ಖಚಿತವಾಗುವುದು ಸಾವಿನ ನಂತರ, ಮೆದುಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ. ಔಷಧಿ ಇಲ್ಲ.

ರಸ್ ಒಂದೇ ಒಂದು ಮಾತು ಕೇಳಿದರು. "ಇದನ್ನ ಟೆಸ್‌ಗೆ ಹೇಳಲೇಬೇಕಾ?"

ಟೆಸ್ ಅವರ ಒಬ್ಬಳೇ ಮಗಳು. ಲಂಡನ್ನಿನಲ್ಲೇ ಹುಟ್ಟಿ ಬೆಳೆದವಳು, ಕ್ಯಾನರಿ ವಾರ್ಫ್‌ನ ಬ್ಯಾಂಕೊಂದರಲ್ಲಿ ಕೆಲಸ. ಲಂಡನ್ನಿನಲ್ಲಿರುವ ಆಸ್ಟ್ರೇಲಿಯನ್ನರು ಬೇಸಿಗೆಯ ಶನಿವಾರಗಳಲ್ಲಿ ನಡೆಸುವ ಪಂದ್ಯಗಳಲ್ಲಿ, ಹೆಂಗಸರ ಟೀಮಿನಲ್ಲಿ, ಅಪ್ಪನ ಆಟವನ್ನೇ ಆಡುತ್ತಿದ್ದಳು. ಅಪ್ಪನ ಹಾಗೇ ಹಾರುತ್ತಾಳೆ ಎಂಬ ಮಾತಿತ್ತು.

ಎರಡು ವರ್ಷದಲ್ಲಿ ರಸ್ ಇಳಿಜಾರಿನಲ್ಲಿ ಜಾರಿದಂತೆ ಜಾರಿದರು. ಟ್ರ್ಯಾಮ್‌ನಲ್ಲಿ ಕಾಲು ತುಳಿದವನೊಬ್ಬನನ್ನು ಹೊಡೆದಾಗ ಪೊಲೀಸರು ಬಂದರು. ಹೆಂಡತಿಯನ್ನೇ ಸತ್ತುಹೋದ ತಮ್ಮ ಅಕ್ಕನ ಹೆಸರಿನಿಂದ ಕರೆಯತೊಡಗಿದರು. ಭಾನುವಾರ ಊಟಕ್ಕೆ ಮನೆಗೆ ಬಂದ ಟೆಸ್‌ಳನ್ನು ನೋಡಿ, "ಈ ಹುಡುಗಿ ಯಾರ ಮನೆಯವಳು?" ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದರಂತೆ. ಟೆಸ್ ಆಲೂಗಡ್ಡೆಯ ತಟ್ಟೆಯನ್ನು ಅವರ ಮುಂದಿಟ್ಟು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ.

"ಆದರೆ ಶನಿವಾರ ಬಂದು ನೋಡಿ ಡಾಕ್ಟರ್," ಎಂದರು ಮೆಗ್. "ಶನಿವಾರ ಅವನು ಬೇರೆಯೇ."

ರೋಗಿಗಳ ಮನೆ, ಮೈದಾನ ಅಂತ ಹೋಗುವ ಅಭ್ಯಾಸ ನನಗಿಲ್ಲ. ಆದರೂ ಹೋದೆ. ದಕ್ಷಿಣ ಲಂಡನ್ನಿನ ಒಂದು ಕೌನ್ಸಿಲ್ ಪಾರ್ಕು. ಅಕ್ಕಪಕ್ಕದ ಎರಡು ಕ್ರಿಕೆಟ್ ಮೈದಾನ ಸೇರಿಸಿ ಸುಣ್ಣದಲ್ಲಿ ಗೆರೆ ಎಳೆದಿದ್ದರು. ರಸ್ ಗೆರೆಯ ಪಕ್ಕ ನೆಟ್ಟಗೆ ನಿಂತಿದ್ದರು. ನಡುವಯಸ್ಸಿನ ಗಂಡಸರು ಒಬ್ಬೊಬ್ಬರೇ ಬಂದು ಅವರ ಕೈಕುಲುಕಿ ಹಿಂದಿರುಗುತ್ತಿದ್ದರು. ಚೆಂಡು ಮೇಲಕ್ಕೆ ಹೋಯಿತು. ಗುಂಪಿನ ಮಧ್ಯದಿಂದ ಕೆಂಪು ಕೂದಲಿನ ಹುಡುಗಿಯೊಬ್ಬಳು ಯಾರದೋ ಬೆನ್ನ ಮೇಲಿಂದ ಎದ್ದು ಅದನ್ನು ಹಿಡಿದಳು.

"ಟೆಸ್!" ರಸ್ ಕೂಗಿದ್ದಕ್ಕೆ ನಾನು ಬೆಚ್ಚಿದೆ. "ಅದು ನನ್ನ ಮಗಳು! ಟೆಸ್ ಟಾರ್ವಿಲ್! ನೋಡಿದಿರಾ? ನನ್ನ ಮಗಳು!"

ಆಟ ಮುಗಿದು ಅವಳು ಬೆವರು ಒರೆಸುತ್ತ ಬಂದಾಗಲೂ ಆ ಗುರುತು ಉಳಿದಿತ್ತು. ಅವಳ ಮುಖವನ್ನು ಎರಡು ಕೈಯಲ್ಲಿ ಹಿಡಿದು, "ಎಡಗಡೆಗೆ ಇನ್ನೂ ಬೇಗ ತಿರುಗಬೇಕು, ಲವ್," ಎಂದರು. ಕಾರು ಮನೆ ಮುಟ್ಟುವವರೆಗೆ ಅದು ಇರುತ್ತದೆ, ಆಮೇಲೆ ಹೋಗುತ್ತದೆ ಎಂದರು ಮೆಗ್. ಯಾಕೆ ಹೀಗೆ ಎಂದು ನನ್ನನ್ನು ಕೇಳಿದರು. ಆಟದಂಥ ಹಳೆಯ, ಆಳದ ನೆನಪುಗಳು ಕೊನೆಗೆ ಅಳಿಯುತ್ತವೆ ಎಂದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ.

ಅದೇ ಬೇಸಿಗೆಯಲ್ಲಿ ಆಡುವಾಗ ಟೆಸ್‌ಳ ತಲೆಗೆ ಪೆಟ್ಟಾಯಿತು. ಆ ಋತುವಿನಲ್ಲಿ ಎರಡನೇ ಸಲ. ಅಪ್ಪನ ಅಪಾಯಿಂಟ್‌ಮೆಂಟಿಗೆ ಜೊತೆಯಲ್ಲಿ ಬಂದವಳು, ನರ್ಸ್ ಅಪ್ಪನನ್ನು ತೂಕ ನೋಡಲು ಕರೆದೊಯ್ದ ಮೇಲೆ, ತಂಪು ಕನ್ನಡಕ ತೆಗೆದಳು. ಕಿಟಕಿಯ ಬೆಳಕಿಗೆ ಕಣ್ಣು ಕಿರಿದು ಮಾಡಿದಳು.

"ನಾನು ನಿನ್ನ ಡಾಕ್ಟರ್ ಅಲ್ಲ," ಎಂದೆ. "ನಿನ್ನ ಜಿಪಿ ಏನಂದರು?"

"ನಿಲ್ಲಿಸು ಅಂದ್ರು. ನೀವೇನಂತೀರಿ?"

"ಅದನ್ನೇ. ಈಗಲೇ ನಿಲ್ಲಿಸು. ನಿನ್ನ ಅಪ್ಪನನ್ನು ನೋಡಿದ್ದೀಯಲ್ಲ."

"ನೋಡಿದ್ದೀನಿ. ಅವರು ನನ್ನನ್ನ ನೋಡೋದು ಶನಿವಾರ ಮಾತ್ರ," ಎಂದಳು. "ಆಟ ಬಿಟ್ರೆ ನಾನು ಅವರಿಗೆ ಯಾರು ಡಾಕ್ಟರ್? ಊಟ ಬಡಿಸೋಕೆ ಬರೋ ಯಾವುದೋ ಹುಡುಗಿ."

ಮೈದಾನದಲ್ಲೇ ಇರು, ಜರ್ಸಿ ಹಾಕಿಕೊಂಡು ನೀರು ಕೊಡು, ಕೋಚ್ ಮಾಡು, ಅವರಿಗೆ ಅಷ್ಟೇ ಸಾಕಾಗಬಹುದು ಎಂದೆ. ನನಗೆ ಅದು ಜಾಣ ಉಪಾಯವೆಂದೇ ತೋರಿತ್ತು. ಕನ್ನಡಕವನ್ನು ಮತ್ತೆ ಹಾಕಿಕೊಂಡು, ಆಗಲಿ ಎಂದಳು.

ಆ ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಕೇಳಿದ ನನ್ನ ಗಂಡ, ಅವರೂ ಡಾಕ್ಟರೇ, ಆಗಲೇ ನಿವೃತ್ತರಾಗಿದ್ದವರು, ನನ್ನ ಮುಖ ನೋಡಿ ಕೇಳಿದರು: "ನೀ ಖರೇನ ಹೇಳೀದಿ. ಮತ್ತ ಹಿಂಗ್ಯಾಕ ಮುಖಾ ಸಣ್ಣ ಮಾಡ್ಕೊಂಡು ಕುಂತಿ?"

"ಖರೇ ಹೇಳಿದ್ದಕ್ಕ," ಎಂದೆ.

ಉಪಾಯ ನಡೆಯಲಿಲ್ಲ. ಟೆಸ್ ಜರ್ಸಿ ಹಾಕಿಕೊಂಡು ಗೆರೆಯಾಚೆ ಅಪ್ಪನ ಪಕ್ಕದಲ್ಲೇ, ಅವರ ಕೈ ಹಿಡಿದು ನಿಂತಳು. ರಸ್ ಮೈದಾನವನ್ನೇ ನೋಡುತ್ತಿದ್ದರು. ಪ್ರತಿ ಹಾರಾಟಕ್ಕೂ ತುದಿಗಾಲಲ್ಲಿ ನಿಲ್ಲುವರು. ಚೆಂಡು ಹಿಡಿದು ಕೆಳಗಿಳಿದವಳ ಮುಖ ಮಗಳದಲ್ಲ. "ಟೆಸ್ ಎಲ್ಲಿ?" ಎಂದರು. "ಇಲ್ಲೇ ಇದ್ದೀನಿ ಡ್ಯಾಡ್." ಅವರು ಅವಳತ್ತ ನೋಡಿ ಸೌಜನ್ಯದಿಂದ ತಲೆಯಾಡಿಸಿ, ಮತ್ತೆ ಮೈದಾನಕ್ಕೆ ತಿರುಗಿದರು. "ಪೆಟ್ಟಾಗಿರಬೇಕು ಅವಳಿಗೆ. ಯಾರೂ ನನಗೆ ಹೇಳ್ತಾ ಇಲ್ಲ." ಅಳತೊಡಗಿದರು. ಇದನ್ನೆಲ್ಲ ಮೆಗ್ ಫೋನಿನಲ್ಲಿ ಹೇಳಿದರು. ನಾನು ಕೇಳಿಕೊಂಡೆ.

ಮುಂದಿನ ಶನಿವಾರ ಅವಳು ಮತ್ತೆ ಆಡಲು ಬೂಟು ಕಟ್ಟಿದಳು. ಮೆಗ್ ಕಾರಿನ ಕೀಲಿ ಕೊಡಲಿಲ್ಲ. "ಒಬ್ಬರನ್ನ ಕೊಟ್ಟಿದ್ದೀನಿ ಈ ಆಟಕ್ಕೆ," ಎಂದರಂತೆ, "ಇಬ್ಬರನ್ನ ಕೊಡಲ್ಲ." ಟೆಸ್ ಬೂಟು ಬಿಚ್ಚಿದಳು. ಮತ್ತೆಂದೂ ಆಡಲಿಲ್ಲ. ಆ ಬೇಸಿಗೆ ಮುಗಿಯುವವರೆಗೆ ಪ್ರತಿ ಶನಿವಾರ ಅಪ್ಪನ ಪಕ್ಕ ನಿಂತಳು. "ನನ್ನ ಮಗಳು ಈಗ ಬರ್ತಾಳೆ ಆಡೋಕೆ," ಎಂದು ರಸ್ ಅವಳಿಗೇ ಹೇಳುತ್ತಿದ್ದರು. "ಹೌದು, ಬರ್ತಾಳೆ," ಎನ್ನುತ್ತಿದ್ದಳು. ಬರಬರುತ್ತ ಅವರು ಕೇಳುವುದನ್ನೂ ಬಿಟ್ಟರು. ಟೆಸ್ ಎಂಬ ಹೆಸರೇ ಅವರ ಬಾಯಿಂದ ಹೋಯಿತು.

ರಸ್, ಮನೆಯಲ್ಲಿ ನೋಡಿಕೊಳ್ಳಲಾಗದವರನ್ನು ಕೊನೆಯವರೆಗೆ ಇರಿಸಿಕೊಳ್ಳುವ ನರ್ಸಿಂಗ್ ಹೋಮ್ ಸೇರಿ, ಅದರ ಮುಂದಿನ ಚಳಿಗಾಲದಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಅವರ ದೇಶದಲ್ಲಿ ಸ್ಟೇಡಿಯಮ್ಮಿನಲ್ಲಿ ಜನ ಎದ್ದು ನಿಂತು ಮೌನ ಆಚರಿಸಿದರಂತೆ. ಮೆದುಳನ್ನು ಮೆಗ್ ಸಂಶೋಧನೆಗೆ ಕೊಟ್ಟರು. ವರದಿ ಬಂದಾಗ ಅದನ್ನು ವಿವರಿಸಲು ತಾಯಿ, ಮಗಳನ್ನು ಕರೆದೆ. ನಾನು 'ಬಹುಶಃ' ಎಂದದ್ದು ಖಚಿತವಾಗಿತ್ತು, ಬಹಳ ಮುಂದುವರಿದ ಹಂತದಲ್ಲಿ.

ಮೆಗ್ ಕೋಟು ಹಾಕಿಕೊಂಡು ಹೊರಗೆ ಹೋದರು. ಟೆಸ್ ಕೂತೇ ಇದ್ದಳು.

"ನಾನು ನಿಲ್ಲಿಸಿದ್ದು ಸರಿಯಾಯ್ತಾ?" ಎಂದಳು.

"ಸರಿಯೇ. ಇದನ್ನು ನೋಡಿದ ಮೇಲೆ ಅನುಮಾನವೇ ಇಲ್ಲ."

"ನಾನು ಕೇಳಿದ್ದು ನನ್ನ ತಲೆ ಬಗ್ಗೆ ಅಲ್ಲ ಡಾಕ್ಟರ್," ಎಂದಳು. "ನನ್ನ ಹೆಸರು ಮರೆಯೋವರೆಗೂ ಅವರು ನನ್ನನ್ನ ಹುಡುಕ್ತಾನೇ ಇದ್ರು."

ಹೊರಗೆ ಮುಂದಿನ ರೋಗಿ ಕಾಯುತ್ತಿದ್ದರು. ಅವಳಾಗಿ ಏಳುವವರೆಗೆ ನಾನೂ ಏಳಲಿಲ್ಲ. ಮಾಡಲು ಸಾಧ್ಯವಿದ್ದದ್ದು ಅಷ್ಟೇ.

ಸರಿಯಾದ ಸಲಹೆ ಕೊಟ್ಟರೆ ಡಾಕ್ಟರ ಕೆಲಸ ಮುಗಿಯಿತೆಂದು ಅಷ್ಟು ವರ್ಷ ನಂಬಿದ್ದೆ. ಸಲಹೆ ಸರಿಯಾಗಿದ್ದಷ್ಟೇ ಕ್ರೂರವಾಗಿಯೂ ಇರಬಹುದು, ಆ ಕ್ರೌರ್ಯವನ್ನು ಮನೆಗೆ ಹೊತ್ತೊಯ್ಯುವವರು ಬೇರೆಯವರು ಎಂಬುದನ್ನು ಕಲಿಸಿದ್ದು ಟೆಸ್. ಆಮೇಲೆ ನಿವೃತ್ತಳಾಗುವವರೆಗೂ, ತಲೆಗೆ ಪೆಟ್ಟು ತಿಂದ ಯಾವ ಆಟಗಾರ ಬಂದರೂ, ಆಟ ನಿಲ್ಲಿಸಿದರೆ ನೀವು ಕಳೆದುಕೊಳ್ಳುವುದೇನು ಎಂದು ಮೊದಲು ಕೇಳುತ್ತಿದ್ದೆ. ಅವರು ಹೇಳಿದ್ದನ್ನು ಪೂರ್ತಿ ಕೇಳುತ್ತಿದ್ದೆ. ಕೇಳಿದ ಮೇಲೆ, ನಿಲ್ಲಿಸಿ ಎನ್ನುತ್ತಿದ್ದೆ.