ಆರ್ವಿಲ್ ಬರೆದ ಮನಶ್ಶಕ್ತಿಯ ಪುಸ್ತಕ

ಆರ್ವಿಲ್ ಟೆಂಗ್‌ಡಾಲ್ ನಮ್ಮ ಬೆಲಾಯ್ಟ್ ಊರಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಾನೆ. ಮದುವೆಯಾಗಿಲ್ಲ. ನನ್ನ ಗಂಡ ಡೆಲ್ ಅವನ ಜೊತೆ ಕಳೆದಷ್ಟು ಭಾನುವಾರಗಳನ್ನು ನನ್ನ ಜೊತೆ ಕಳೆದಿಲ್ಲ ಬಿಡಿ. ಅವರಿಬ್ಬರು, ಜೊತೆಗೆ ಅಂಚೆ ಕಚೇರಿಯ ಗ್ಲೆಂಡಾ, ಆರ್ವಿಲ್‌ನ ನೆಲಮಾಳಿಗೆಯಲ್ಲಿ ಮೇಜಿನ ಸುತ್ತ ಕೂತು ಬಾಹ್ಯಾಕಾಶದ ಆಟ ಆಡುತ್ತಾರೆ. ಕಥೆ ನಡೆಸುವವನು ಆರ್ವಿಲ್. ತಮ್ಮ ಪಾತ್ರ ಏನು ಮಾಡುತ್ತದೆಂದು ಉಳಿದವರು ಬಾಯಲ್ಲಿ ಹೇಳಬೇಕು; ಅದು ಆಗುತ್ತದೋ ಇಲ್ಲವೋ ಎಂದು ದಾಳ ತೀರ್ಮಾನಿಸುತ್ತದೆ. ತಲೆ ನರೆತವರಿಗೆ ಇದೆಂಥ ಹುಚ್ಚು ಎಂದು ನಾನು ಆಡಿಕೊಳ್ಳದ ವಾರವಿಲ್ಲ.

ಹೋದ ವರ್ಷ ಎಲೆ ಉದುರುವ ಹೊತ್ತಿಗೆ ಡೆಲ್‌ಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ನಾವು ಹೇಳುವುದೆಲ್ಲ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಒಂದು ಪದ ಹೊರಡುವುದಿಲ್ಲ. ಬರೆಯಲು ಹೋದರೂ ಅಕ್ಷರ ಕೂಡುವುದಿಲ್ಲ. ಬರೀ ಮಾತಿನ ಆಟ, ಇನ್ನು ಹೇಗೆ ಆಡಿಯಾನು? ಭಾನುವಾರ ಬಂದರೆ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದ. ಬರಬರುತ್ತಾ ಊಟಕ್ಕೆ ಕರೆದರೂ ಏಳದಾದ. ಹೀಗೇ ಕೂತು ಕೂತು ಹೋಗಿಬಿಡುತ್ತಾನೆ ಎಂದು ನನಗೆ ಹೆದರಿಕೆಯಾಯಿತು.

ಒಂದು ಸಂಜೆ ಆರ್ವಿಲ್ ಸ್ಟೇಪಲ್ ಹೊಡೆದ ಜೆರಾಕ್ಸ್ ಪುಸ್ತಕವೊಂದನ್ನು ಹಿಡಿದು ಬಂದ.

“ಏನಯ್ಯಾ ಅದು?” ಅಂದೆ.

“ಮನಶ್ಶಕ್ತಿಗಳ ನಿಯಮ. ನಮ್ಮ ಆಟಕ್ಕೆ ಸೇರಿಸೋಕೆ ನಾನೇ ಬರ್ದೆ. ಹಳೇ ನಿಯಮದಲ್ಲಿ ವಯಸ್ಸಾದಷ್ಟೂ ಶಕ್ತಿ ಕಮ್ಮಿ ಆಗ್ತಿತ್ತು. ಅದನ್ನ ಕಿತ್ತು ಹಾಕಿದೀನಿ.”

“ನಿನ್ನ ಅನುಕೂಲಕ್ಕೆ.”

“ಹೂಂ ಮತ್ತೆ. ಇದ್ರಲ್ಲಿ ಒಬ್ಬ ಗಗನಯಾನಿ ಇದಾನೆ, ಮಾತಾಡಲ್ಲ. ಎದುರಿನವರ ತಲೇಲಿ ಚಿತ್ರ ಮೂಡಿಸ್ತಾನೆ. ಅವನ ಪಾತ್ರ ತಗೊಂಡೋರು ಬಾಯಿ ಬಿಡಂಗಿಲ್ಲ, ಗೀಚಿ ತೋರಿಸ್ಬೇಕು ಅಷ್ಟೆ.”

ನನಗೆ ರೇಗಿತು. “ಕನಿಕರ ತೋರಿಸೋಕೆ ಬಂದ್ಯಾ?”

“ಆರ್ಡಿಸ್, ಇಬ್ಬರೇ ಕೂತು ಆಡೋಕಾಗಲ್ಲ ಕಣೆ,” ಅಂದ ಆರ್ವಿಲ್, ನೆಲ ನೋಡುತ್ತಾ.

ಡೆಲ್ ಎಡಗೈಯಲ್ಲಿ ಹಾಳೆ ತಿರುವಿದ. ಒಂದು ಪುಟದಲ್ಲಿ ಬಹಳ ಹೊತ್ತು ನಿಂತ. ಆಮೇಲೆ ಗೂಟದಲ್ಲಿದ್ದ ತನ್ನ ಕೋಟಿನ ಕಡೆ ಬೆರಳು ಮಾಡಿದ.

ಆ ಭಾನುವಾರ ಒಲೆಯಲ್ಲಿ ಸುಟ್ಟ ಸಿಹಿ ರೂಬಾರ್ಬ್ ಪೈ ಹಿಡಿದು ನಾನೂ ಹೋದೆ. ಕಥೆಯಲ್ಲಿ ಇವರ ನೌಕೆಯನ್ನು ಶತ್ರುಗಳು ಅಟ್ಟಿಸಿಕೊಂಡು ಬರುತ್ತಿದ್ದರು. ಮುಂದೆ ದೊಡ್ಡ ಬಂಡೆಯಿದೆ ಎಂಬ ಸುಳ್ಳು ಚಿತ್ರವನ್ನು ಡೆಲ್‌ನ ಯಾನಿ ಶತ್ರು ಕಪ್ತಾನನ ತಲೆಗೆ ತುಂಬಬೇಕು. ಡೆಲ್ ಎಡಗೈಯಲ್ಲಿ ಸೊಟ್ಟಪಟ್ಟ ಗೀಚಿದ.

“ಇದೇನು, ಆಲೂಗಡ್ಡೆನಾ?” ಅಂದಳು ಗ್ಲೆಂಡಾ. ಡೆಲ್ ಮೂಗಲ್ಲೇ ನಕ್ಕ.

ಅವರ ಮೇಜಿನ ಪದ್ಧತಿ ಏನೆಂದರೆ, ಆರ್ವಿಲ್ ತನ್ನ ಮುಂದೊಂದು ರಟ್ಟಿನ ಮರೆ ನಿಲ್ಲಿಸಿಕೊಂಡು ಅದರ ಹಿಂದೆ ಎರಡು ದಾಳ ಉರುಳಿಸುತ್ತಾನೆ. ಬಿದ್ದದ್ದೇನೆಂದು ಅವನೊಬ್ಬನಿಗೇ ಗೊತ್ತು. ಮೊದಲ ಸಲ “ಗೆದ್ದೆ ಡೆಲ್” ಅಂದ. ಆಮೇಲೆ ಗೀಚಿದ್ದಕ್ಕೂ ಗೆಲುವು, ಅದರಾಚೆಗೂ ಗೆಲುವು. ಪಕ್ಕದಲ್ಲಿ ಕೂತಿದ್ದ ನನಗೆ ದಾಳ ಕಾಣುತ್ತಿತ್ತು. ಒಂದು, ಎರಡು, ಬರೀ ಸಣ್ಣ ಅಂಕಿಗಳು. ಆಟ ಗೊತ್ತಿಲ್ಲದ ನನಗೂ ಅದು ಸೋಲೆಂದು ತಿಳಿಯಿತು.

“ಗೆದ್ದೆ ಡೆಲ್,” ಅಂದ ಆರ್ವಿಲ್.

ಡೆಲ್ ಎಡಗೈ ಬೀಸಿ ರಟ್ಟನ್ನು ಬೀಳಿಸಿದ. ದಾಳ ಎಲ್ಲರಿಗೂ ಕಂಡಿತು. ಆರ್ವಿಲ್‌ನ ಕಿವಿ ಕೆಂಪಾಯಿತು.

“ಸೋತ್ರೆ ಮತ್ತೆ ಬರಲ್ವೇನೋ ಅಂತ ಭಯ ಆಯ್ತು ಕಣೋ,” ಅಂದ.

ಡೆಲ್ ಕುರ್ಚಿ ಹಿಡಿದು ಎದ್ದುನಿಂತ. ಇಲ್ಲಿಗೆ ಮುಗಿಯಿತು, ಇನ್ನು ಇವನು ಕಿಟಕಿ ಬಿಟ್ಟು ಏಳುವುದಿಲ್ಲ ಎಂದುಕೊಂಡು ನಾನು ಅವನ ಕೋಟಿಗೆ ಕೈ ಹಾಕಿದೆ. ಅವನು ಆ ರಟ್ಟನ್ನೆತ್ತಿ ತನ್ನ ಕುರ್ಚಿಯ ಮೇಲಿಟ್ಟು, ಅದರ ಮೇಲೇ ಕೂತ. ದಾಳ ಎಳೆದುಕೊಂಡು ಎಲ್ಲರೆದುರು ತಾನೇ ಉರುಳಿಸಿದ.

ಎರಡೂ ದಾಳದಲ್ಲಿ ಒಂದೊಂದೇ ಬಿತ್ತು. ಅದಕ್ಕಿಂತ ಕೆಟ್ಟದ್ದು ಬೀಳಲು ಸಾಧ್ಯವಿಲ್ಲವಂತೆ.

ಆರ್ವಿಲ್ ನಿಯಮದ ಪುಸ್ತಕ ತೆರೆದು ನೋಡಿದ. “ಕಪ್ತಾನ ಮೋಸ ಹೋಗ್ಲಿಲ್ಲ. ಗುಂಡು ಹಾರಿಸ್ದ. ನಿನ್ನ ಯಾನಿ... ಸತ್ತ ಕಣೋ ಡೆಲ್.”

ಡೆಲ್ ದಾಳವನ್ನು ಬೆರಳಿಂದ ಆಚೆ ತಳ್ಳಿದ. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕ. ಆ ನಗು ಕೇಳಿ ಎಷ್ಟು ತಿಂಗಳಾಗಿತ್ತೋ! ನಾನು ಪೈ ಕತ್ತರಿಸುವ ನೆಪದಲ್ಲಿ ಆಚೆ ತಿರುಗಿ ಅತ್ತೆ. ತಿರುಗಿ ನೋಡಿದರೆ, ಹೊಸ ಪಾತ್ರಕ್ಕೆಂದು ಖಾಲಿ ಹಾಳೆಯೊಂದನ್ನು ಆಗಲೇ ಎಳೆದುಕೊಂಡಿದ್ದ.

ಮನಶ್ಶಕ್ತಿಯ ದಾಳ ಎಲ್ಲರ ಕಣ್ಣೆದುರೇ ಬೀಳಬೇಕೆಂದು ಆರ್ವಿಲ್ ಈಗ ಪುಸ್ತಕದಲ್ಲಿ ಸೇರಿಸಿದ್ದಾನೆ. ಡೆಲ್ ಅಲ್ಲಿಂದೀಚೆಗೆ ಇನ್ನೂ ಕೆಲವು ಸಲ ಸತ್ತಿದ್ದಾನೆ. ಭಾನುವಾರ ಊಟ ಮುಗಿಯುತ್ತಲೇ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಾನೆ, ಕೋಟಿನ ಗುಂಡಿ ಹಾಕಲು ನಾನು ಬರುವವರೆಗೆ.